ಟ್ರ್ಯಾಕ್ಟರ್ ಪುಲ್ಲಿಂಗ್‌ಗೆ ಇಳಿಯುವ ಮುನ್ನ: ತೂಕ, ಹಿಚ್ಚು, ಟಯರು

ಟ್ರ್ಯಾಕ್ಟರ್ ಪುಲ್ಲಿಂಗ್ ಎಂದರೆ ಮಣ್ಣಿನ ಟ್ರ್ಯಾಕಿನ ಮೇಲೆ ಟ್ರ್ಯಾಕ್ಟರ್ ಅಥವಾ ಟ್ರಕ್ಕಿನಿಂದ ಸ್ಲೆಡ್ಡು ಎಂಬ ಭಾರದ ಬಂಡಿಯನ್ನು ಎಳೆಯುವ ಸ್ಪರ್ಧೆ; ಹೆಚ್ಚು ದೂರ ಎಳೆದವರು ಗೆಲ್ಲುತ್ತಾರೆ. ಮೊದಲು ಸ್ಲೆಡ್ಡನ್ನು ಅರ್ಥ ಮಾಡಿಕೊಳ್ಳಿ, ಎಂಜಿನ್ನಿನ ಮಾತು ಆಮೇಲೆ. ಸ್ಲೆಡ್ಡಿನ ಹಿಂಭಾಗ ಚಕ್ರಗಳ ಮೇಲೆ ನಿಂತಿರುತ್ತದೆ. ಮುಂಭಾಗದಲ್ಲಿ ಚಕ್ರವಿಲ್ಲ, ನೆಲಕ್ಕೆ ಉಜ್ಜುವ ಅಗಲವಾದ ಕಬ್ಬಿಣದ ತಟ್ಟೆ ಇದೆ. ಮೇಲೆ ಹಳಿಗಳಿದ್ದು, ಅವುಗಳ ಮೇಲೆ ಸರಿಯುವ ಪೆಟ್ಟಿಗೆಯಲ್ಲಿ ತೂಕದ ಗಟ್ಟಿಗಳಿರುತ್ತವೆ. ಹೊರಡುವಾಗ ಈ ಪೆಟ್ಟಿಗೆ ಹಿಂದೆ, ಚಕ್ರಗಳ ಮೇಲೆ ಇರುವುದರಿಂದ ಸ್ಲೆಡ್ಡು ಹಗುರವಾಗಿ ಉರುಳುತ್ತದೆ. ಸ್ಲೆಡ್ಡಿನ ಚಕ್ರ ತಿರುಗಿದಂತೆ ಅದಕ್ಕೆ ಗೇರಿನಿಂದ ಜೋಡಿಸಿದ ಚೈನು ಪೆಟ್ಟಿಗೆಯನ್ನು ಮುಂದಕ್ಕೆ ಎಳೆಯುತ್ತದೆ, ಭಾರ ಚಕ್ರ ಬಿಟ್ಟು ತಟ್ಟೆಯ ಮೇಲೆ ಬೀಳುತ್ತದೆ, ತಟ್ಟೆ ಮಣ್ಣನ್ನು ಕಚ್ಚುತ್ತದೆ. ಮೊದಲ 50 ಅಡಿಯಲ್ಲಿ ಆಟಿಕೆಯಂತಿದ್ದದ್ದು 250ನೇ ಅಡಿಗೆ ನೆಲಕ್ಕೆ ಬೇರುಬಿಟ್ಟಂತಾಗುತ್ತದೆ. ಪೆಟ್ಟಿಗೆಯಲ್ಲಿ ಎಷ್ಟು ತೂಕ, ಯಾವ ಗೇರು, ಪೆಟ್ಟಿಗೆ ಎಲ್ಲಿಂದ ಹೊರಡಬೇಕು ಎಂಬುದನ್ನೆಲ್ಲ ಸ್ಲೆಡ್ ಆಪರೇಟರ್ ಸ್ಪರ್ಧೆಯ ಆಯಾ ಕ್ಲಾಸಿಗೆ (ವಿಭಾಗಕ್ಕೆ) ತಕ್ಕಂತೆ ಇಡುತ್ತಾನೆ.

ಅಮೆರಿಕದಲ್ಲಿ 1929ರ ಹೊತ್ತಿಗೇ ಮಿಸೌರಿ, ಒಹಾಯೊ ರಾಜ್ಯಗಳಲ್ಲಿ ಟ್ರ್ಯಾಕ್ಟರ್‌ಗಳ ಎಳೆತದ ಸ್ಪರ್ಧೆ ನಡೆದಿತ್ತು. ಆದರೆ ಊರಿಗೊಂದು ನಿಯಮ. ಹಲವೆಡೆ ದಾರಿಯುದ್ದಕ್ಕೂ ಜನ ನಿಂತಿದ್ದು, ಟ್ರ್ಯಾಕ್ಟರ್ ಎಳೆಯುತ್ತಿದ್ದ ಹಲಗೆ ಹತ್ತಿರ ಬಂದಂತೆ ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ಭಾರ ಹೆಚ್ಚಿಸುತ್ತಿದ್ದರು. 1969ರಲ್ಲಿ ಎಂಟು ರಾಜ್ಯಗಳ ಪ್ರತಿನಿಧಿಗಳು ಸೇರಿ ನ್ಯಾಷನಲ್ ಟ್ರ್ಯಾಕ್ಟರ್ ಪುಲ್ಲರ್ಸ್ ಅಸೋಸಿಯೇಷನ್ ಕಟ್ಟಿದ ಮೇಲೆ ನಿಯಮಗಳು ಒಂದು ಹದಕ್ಕೆ ಬಂದವು. ಈಗಲೂ ಸಂಘಕ್ಕೂ ಸಂಘಕ್ಕೂ ಅಂಕಿಗಳಲ್ಲಿ ಚೂರುಪಾರು ವ್ಯತ್ಯಾಸವಿದೆ. ಆದ್ದರಿಂದ ಕೆಳಗಿನ ಅಳತೆಗಳನ್ನು ದಿಕ್ಸೂಚಿಯಾಗಿ ಇಟ್ಟುಕೊಳ್ಳಿ. ವೆಲ್ಡಿಂಗ್‌ಗೆ ಕೈ ಹಾಕುವ ಮೊದಲು ನೀವು ಇಳಿಯುವ ಸಂಘದ ಆ ವರ್ಷದ ನಿಯಮ ಪುಸ್ತಕ ಓದಿ.

ಕ್ಲಾಸ್ ಆರಿಸುವುದು

ಹೊಸಬರು ಎಡವುವುದು ಇಲ್ಲೇ. ಕೈಯಲ್ಲಿರುವ ಟ್ರ್ಯಾಕ್ಟರಿಗೆ ಎರಡು ಬದಲಾವಣೆ ಮಾಡಿಸಿ, ಆಮೇಲೆ ಅದು ಯಾವ ಕ್ಲಾಸಿಗೂ ಸೇರದೆ ಮೇಲಿನ ಕ್ಲಾಸಿಗೆ ತಳ್ಳಿಸಿಕೊಂಡು, ಅಲ್ಲಿ ಮೂರು ಪಟ್ಟು ಶಕ್ತಿಯ ಯಂತ್ರಗಳ ಎದುರು ನಿಲ್ಲಬೇಕಾಗುತ್ತದೆ. ಕ್ಲಾಸ್ ಮೊದಲು, ಪಾರ್ಟು ಆಮೇಲೆ.

ಕ್ಲಾಸುಗಳನ್ನು ಬೇರ್ಪಡಿಸುವುದು ಮುಖ್ಯವಾಗಿ ಒಟ್ಟು ತೂಕ, ಎಂಜಿನ್ನಿನ ಗಾತ್ರ, ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಮತ್ತು ಟಯರು. ಸೂಪರ್ ಫಾರ್ಮ್ ಎಂಬುದು ಹೊಲದ ಟ್ರ್ಯಾಕ್ಟರಿಗೆ ಹತ್ತಿರದ್ದು: 640 ಘನ ಇಂಚಿನವರೆಗಿನ ಡೀಸೆಲ್ ಎಂಜಿನ್, ಬಾಯಿಯ ಅಳತೆಗೆ ಮಿತಿಯಿರುವ ಒಂದೇ ಟರ್ಬೊ. ಪ್ರೊ ಸ್ಟಾಕ್‌ನಲ್ಲಿ 10,000 ಪೌಂಡು, 680 ಘನ ಇಂಚು, ಇಲ್ಲಿಯೂ ಟರ್ಬೊ ಒಂದೇ. ಲೈಟ್ ಪ್ರೊ ಸ್ಟಾಕ್‌ಗೆ 8,500 ಪೌಂಡು, 540 ಘನ ಇಂಚು. ಸೂಪರ್ ಸ್ಟಾಕ್‌ನಲ್ಲಿ ಒಂದರ ಗಾಳಿ ಇನ್ನೊಂದಕ್ಕೆ ಉಣಿಸುವಂತೆ ಹಲವು ಟರ್ಬೊಗಳನ್ನು ಸಾಲಾಗಿ ಕಟ್ಟಬಹುದು. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, 100 ಪಿಎಸ್ಐ ಮೀರುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಹೊಸಬರಿಗೆ ಆ ಕ್ಲಾಸು ಬೇಡ.

ಮಾಡಿಫೈಡ್ ಕ್ಲಾಸಿನಲ್ಲಿ ಟ್ರ್ಯಾಕ್ಟರ್ ಎಂಬ ಹೆಸರು ಮಾತ್ರ ಉಳಿದಿರುತ್ತದೆ. ಒಂದೇ ಚಾಸಿಯ ಮೇಲೆ ಮೂರು, ನಾಲ್ಕು ಸೂಪರ್‌ಚಾರ್ಜ್ಡ್ ವಿ-8 ಎಂಜಿನ್‌ಗಳು, ಇಲ್ಲವೆ ವಿಮಾನದ ಎಂಜಿನ್‌ಗಳು, ಟರ್ಬೈನ್‌ಗಳು. ಹಲವು ಎಂಜಿನ್‌ಗಳ ಶಕ್ತಿಯನ್ನು ಒಂದೇ ಶಾಫ್ಟಿಗೆ ತರುವ ಕ್ರಾಸ್‌ಬಾಕ್ಸ್ ಎಂಬ ಗೇರ್ ಪೆಟ್ಟಿಗೆಯನ್ನು 1970ರ ದಶಕದ ಆರಂಭದಲ್ಲಿ ಕಾರ್ಲ್ ಮತ್ತು ಪಾಲ್ ಬಾಸಿ ಸಹೋದರರು ತಂದ ಮೇಲೆ ಈ ಹುಚ್ಚಿಗೆ ದಾರಿ ತೆರೆಯಿತು. ನೆಲದ ಮೇಲಿನ ವೇಗದ ದಾಖಲೆಗಳಿಗೆ ಹೆಸರಾದ ಆರ್ಟ್ ಆರ್ಫನ್ಸ್ ಕೂಡ ಕೊನೆಗೆ ಟರ್ಬೈನ್ ಕೂರಿಸಿಕೊಂಡು ಸ್ಲೆಡ್ ಎಳೆಯಲು ಬಂದ. ಅವನ ಮಗಳು ಡಸ್ಟಿ ‘ಡ್ರ್ಯಾಗನ್ ಲೇಡಿ’ ಎಂಬ ಪುಲ್ಲಿಂಗ್ ಯಂತ್ರ ಓಡಿಸಿದಳು. ಸುಮಾರು 2,000 ಪೌಂಡಿನ ಮಿನಿ ಕ್ಲಾಸ್ ನೋಡಲು ಪುಟ್ಟದು, ಆದರೆ ಅದರ ಮೇಲೂ ಪೂರ್ಣ ಗಾತ್ರದ ವಿ-8 ಕೂತಿರುತ್ತದೆ.

ಟ್ರಕ್ಕುಗಳಲ್ಲಿ ಟೂ-ವೀಲ್ ಡ್ರೈವ್, ಫೋರ್-ವೀಲ್ ಡ್ರೈವ್, ಡೀಸೆಲ್ ಪಿಕಪ್, ಸೆಮಿ (ಟ್ರೇಲರ್ ಎಳೆಯುವ ದೊಡ್ಡ ಲಾರಿ) ಎಂಬ ವಿಂಗಡಣೆ. ಡೀಸೆಲ್ ಪಿಕಪ್ಪಿನಲ್ಲಿ ಕ್ಲಾಸಿನ ಹೆಸರೇ ಟರ್ಬೊ ಅಳತೆ: 2.6 ಎಂದರೆ ಗಾಳಿ ಎಳೆಯುವ ಬಾಯಿ 2.6 ಇಂಚಿಗಿಂತ ದೊಡ್ಡದಿರಬಾರದು. ಪ್ರತಿದಿನ ಓಡಿಸುವ ಪಿಕಪ್ ಇದ್ದವರಿಗೆ ಸ್ಥಳೀಯ ಸ್ಟ್ರೀಟ್ ಕ್ಲಾಸೇ ಸರಿಯಾದ ಬಾಗಿಲು.

ತೂಕ ಎಲ್ಲಿ ಕೂರಬೇಕು

ಗೆಲ್ಲುವುದು ಸೋಲುವುದು ಹೆಚ್ಚಾಗಿ ಇಲ್ಲೇ ತೀರ್ಮಾನವಾಗುತ್ತದೆ. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ನೊಗ ಕುತ್ತಿಗೆ ಒತ್ತುತ್ತದೆ. ಇಲ್ಲಿಯೂ ಅದೇ ಲೆಕ್ಕ. ಸ್ಲೆಡ್ಡು ಹಿಂದಕ್ಕೆ ಜಗ್ಗಿದಂತೆ ಮುಂದಿನ ಆಕ್ಸಲ್‌ನ ಭಾರ ಹಿಂದಿನ ಟಯರುಗಳಿಗೆ ವರ್ಗವಾಗುತ್ತದೆ. ಎಷ್ಟು ಎಂದು ಹೀಗೆ ಅಂದಾಜಿಸಬಹುದು: ಎಳೆತದ ಬಲವನ್ನು ಹಿಚ್ಚಿನ (ಸ್ಲೆಡ್ಡಿನ ಚೈನು ಸಿಗಿಸುವ ಕೊಂಡಿಯ) ಎತ್ತರದಿಂದ ಗುಣಿಸಿ, ಮುಂದಿನ–ಹಿಂದಿನ ಆಕ್ಸಲ್‌ಗಳ ನಡುವಿನ ದೂರದಿಂದ ಭಾಗಿಸಿ. ಎಳೆತ 10,000 ಪೌಂಡು, ಹಿಚ್ಚು 20 ಇಂಚು, ಆಕ್ಸಲ್ ಅಂತರ 150 ಇಂಚು ಆದರೆ ಸುಮಾರು 1,330 ಪೌಂಡು ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಅದಕ್ಕಿಂತ ಕಡಿಮೆ ಭಾರ ಮುಂದಿದ್ದರೆ ಮೂತಿ ಆಕಾಶ ನೋಡುತ್ತದೆ. ವೇಗ ಏರುವಾಗಲೂ ಹಿಂದಕ್ಕೆ ಭಾರ ಬೀಳುವುದರಿಂದ, ಚೈನು ಇಳಿಜಾರಾಗಿದ್ದರೆ ಡ್ರಾಬಾರನ್ನು (ಹಿಚ್ಚು ಇರುವ ಹಿಂದಿನ ದಂಡವನ್ನು) ಕೆಳಕ್ಕೂ ಜಗ್ಗುವುದರಿಂದ, ಈ ಲೆಕ್ಕಕ್ಕಿಂತ ಸಾಕಷ್ಟು ಹೆಚ್ಚೇ ಮುಂದಿಟ್ಟು ಶುರು ಮಾಡಿ.

ಮುಂದಿನ ಟಯರು ನೆಲದಿಂದ ಒಂದು ಗೇಣು ಎದ್ದು ಹಾಗೇ ತೇಲುತ್ತಿದ್ದರೆ ಹದ ಸರಿಯಿದೆ. ನೆಲ ಬಿಡದೇ ಹೋದರೆ ಅಷ್ಟು ತೂಕ ದಂಡಕ್ಕೆ ಮುಂದೆ ಕೂತಿದೆ. 100 ಪೌಂಡು ಹಿಂದಕ್ಕೆ ತನ್ನಿ. ವಾಹನ ಹಿಂದಕ್ಕೆ ಮಗುಚದಂತೆ ಹಿಂಭಾಗದಲ್ಲಿ ಕಟ್ಟಿದ ವೀಲಿ ಬಾರ್ ನೆಲಕ್ಕೆ ತಾಗುವಷ್ಟು ಎದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಟಯರಿನ ಮೇಲೆ ಇರಬೇಕಾದ ಭಾರವನ್ನು ಆ ಬಾರ್ ಹೊರುತ್ತದೆ, ಟಯರು ಬರಿದೇ ಸುತ್ತುತ್ತದೆ.

ತೂಕದ ಗಟ್ಟಿಯನ್ನು ಮುಂದಿನ ಆಕ್ಸಲ್‌ಗಿಂತ ಮುಂದೆ ನೇತುಹಾಕಿದರೆ ಅದರ ಕೆಲಸ ಹೆಚ್ಚುತ್ತದೆ. ಅದೇ 150 ಇಂಚಿನ ಅಂತರಕ್ಕೆ, ಆಕ್ಸಲ್‌ನಿಂದ 48 ಇಂಚು ಮುಂದಿಟ್ಟ 100 ಪೌಂಡು ಮುಂದಿನ ಆಕ್ಸಲ್‌ಗೆ 132 ಪೌಂಡು ಕೊಡುತ್ತದೆ, ಹಿಂದಿನಿಂದ 32 ಪೌಂಡು ಕಿತ್ತುಕೊಳ್ಳುತ್ತದೆ. ಎಷ್ಟು ಮುಂದೆ ಚಾಚಬಹುದು ಎಂಬುದಕ್ಕೆ ಮಿತಿಯಿದೆ. ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದಿನ ಆಕ್ಸಲ್ ನಡುವಿನಿಂದ 60 ಇಂಚು.

ಕಾಟಾದ ಮೇಲೆ ನಿಲ್ಲುವುದು ಚಾಲಕ, ಇಂಧನ, ನೀರು, ಹೆಲ್ಮೆಟ್ ಎಲ್ಲ ಸೇರಿ. ಮನೆಯ ಕಾಟಾವನ್ನು ನಂಬಿ ಮಿತಿಗೆ ತಾಗಿಸಿಕೊಂಡು ಬರಬೇಡಿ, ಪಂದ್ಯದ ಕಾಟಾ ಹತ್ತಿಪ್ಪತ್ತು ಪೌಂಡು ಬೇರೆ ಹೇಳಬಹುದು. ಸಣ್ಣ ಗಟ್ಟಿಗಳನ್ನು ಜೊತೆಗೆ ತಂದು ಅಲ್ಲೇ ಸರಿದೂಗಿಸಿ. ಪ್ರತಿ ಗಟ್ಟಿಗೂ ಬೋಲ್ಟು ಬಿಗಿಯಿರಲಿ. ಎಳೆಯುವಾಗ ತೂಕ ಕಳಚಿ ಬಿದ್ದರೆ ಅನರ್ಹತೆ.

ಹಿಚ್ಚು

ಹಿಚ್ಚು ಎತ್ತರವಾದಷ್ಟೂ ಹಿಂದಿನ ಟಯರಿಗೆ ಭಾರ ಹೆಚ್ಚು ಬರುತ್ತದೆ, ಹಾಗಾಗಿ ಎಲ್ಲರೂ ಮಿತಿಯ ತುದಿಯಲ್ಲೇ ಇಡುತ್ತಾರೆ. ಪ್ರೊ ಸ್ಟಾಕ್, ಸೂಪರ್ ಫಾರ್ಮ್ ಟ್ರ್ಯಾಕ್ಟರುಗಳಿಗೆ 20 ಇಂಚು, ಫೋರ್-ವೀಲ್ ಡ್ರೈವ್ ಮತ್ತು ಡೀಸೆಲ್ ಪಿಕಪ್ಪುಗಳಿಗೆ 26 ಇಂಚು. ಟ್ರ್ಯಾಕ್ಟರಿನಲ್ಲಿ ಕೊಂಡಿ ಸಿಗಿಸುವ ಜಾಗ ಹಿಂದಿನ ಆಕ್ಸಲ್ ನಡುವಿನಿಂದ ಕನಿಷ್ಠ 18 ಇಂಚು ಹಿಂದಿರಬೇಕು. ಡ್ರಾಬಾರ್ ಅತ್ತಿತ್ತ, ಮೇಲೆ ಕೆಳಗೆ ಅಲುಗುವಂತಿಲ್ಲ.

ಸಮತಟ್ಟಾದ ಕಾಂಕ್ರೀಟಿನ ಮೇಲೆ, ಪಂದ್ಯದ ಟಯರ್ ಒತ್ತಡದಲ್ಲಿ, ಪೂರ್ತಿ ತೂಕ ಹೇರಿ, ಚಾಲಕ ಕೂತ ಮೇಲೆಯೇ ಅಳೆಯಿರಿ. ಅಳೆದ ನಂತರ ಟಯರಿಗೆ ಗಾಳಿ ಹೆಚ್ಚಿಸಿದರೆ ಹಿಚ್ಚೂ ಏರುತ್ತದೆ. 20 ಇಂಚಿಗೆ ಸರಿಯಾಗಿ ಇಟ್ಟವರು ತಪಾಸಣೆಯಲ್ಲಿ ಸಿಕ್ಕಿಬೀಳುವುದು ಹೀಗೆ. ಕಾಲು ಇಂಚು ಬಿಟ್ಟು 19¾ಕ್ಕೆ ನಿಲ್ಲಿಸಿ. ಆ ಕಾಲಿಂಚಿನಿಂದ ನೀವು ಸೋಲುವುದಿಲ್ಲ.

ಟಯರು

ಎಡ ಬಲ ಟಯರುಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. ಒಂದೇ ಕಂಪನಿಯ, ಒಂದೇ ನಂಬರಿನ ಟಯರುಗಳಲ್ಲೂ ವ್ಯತ್ಯಾಸ ಇರುತ್ತದೆ. ಡಿಫರೆನ್ಷಿಯಲ್ ಲಾಕ್ ಆಗಿ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಾಗ ದೊಡ್ಡ ಟಯರಿನ ಕಡೆ ಹೆಚ್ಚು ಸಾಗಿ ಟ್ರ್ಯಾಕ್ಟರು ಇನ್ನೊಂದು ಕಡೆಗೆ ವಾಲುತ್ತದೆ. ಲಗ್ಗುಗಳ (ಟಯರಿನ ಉಬ್ಬು ಹಲ್ಲುಗಳ) ಮುಂದಿನ ಅಂಚು ಚೂಪಾಗಿದ್ದರೆ ಮಣ್ಣು ಕಚ್ಚುತ್ತದೆ. ಮೇಲಿನ ಕ್ಲಾಸುಗಳಲ್ಲಿ ಲಗ್ಗನ್ನು ಕೊರೆದು ಹಗುರ ಮಾಡುತ್ತಾರೆ. ಕೊರೆದ ಟಯರು ಹೊಲಕ್ಕೆ ಮರಳುವುದಿಲ್ಲ, ಮೊದಲ ವರ್ಷ ಆ ಕೆಲಸಕ್ಕೆ ಹೋಗಬೇಡಿ.

ಒತ್ತಡ ಇಳಿಸಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ, ಒಂದು ಹಂತದವರೆಗೆ. ಅದನ್ನು ದಾಟಿದರೆ ಟಯರಿನ ಪಕ್ಕೆ ಸ್ಪ್ರಿಂಗಿನಂತೆ ಸುತ್ತಿಕೊಂಡು ಬಿಚ್ಚಿಕೊಂಡು ಇಡೀ ಟ್ರ್ಯಾಕ್ಟರು ಕುಪ್ಪಳಿಸತೊಡಗುತ್ತದೆ. ಆಕ್ಸಲ್ ಮುರಿಯುವುದು ಆಗಲೇ. ಕುಪ್ಪಳಿಸಿದರೆ ಮುಂದಿನ ಸಲ 1–2 ಪಿಎಸ್ಐ ಏರಿಸಿ. ರಿಮ್ಮಿನ ಮೇಲೂ ಟಯರಿನ ಮೇಲೂ ಸೇರುವಂತೆ ಒಂದು ಬಿಳಿ ಗೆರೆ ಎಳೆದಿಡಿ. ಓಟ ಮುಗಿದ ಮೇಲೆ ಗೆರೆ ಎರಡಾಗಿದ್ದರೆ ಟಯರು ರಿಮ್ಮಿನಲ್ಲೇ ಜಾರಿದೆ.

ತಪಾಸಣೆಯಲ್ಲಿ ನೋಡುವುದು

ಕಿಲ್ ಸ್ವಿಚ್ ವಾಹನದ ಹಿಂಭಾಗದಲ್ಲಿ ಇರುತ್ತದೆ. ಸ್ಲೆಡ್ಡಿನಿಂದ ಬರುವ ಹಗ್ಗವನ್ನು ಅದರ ಉಂಗುರಕ್ಕೆ ಸಿಗಿಸುತ್ತಾರೆ. ಚೈನು ತುಂಡಾಗಿ ವಾಹನ ಓಡಿಹೋದರೆ ಎಂಜಿನ್ ತಾನಾಗಿ ನಿಲ್ಲಬೇಕು. ಪೆಟ್ರೋಲು, ಮೆಥನಾಲ್ ಎಂಜಿನ್‌ಗಳಲ್ಲಿ ಅದು ಇಗ್ನಿಷನ್ ಕಡಿಯುತ್ತದೆ. ಡೀಸೆಲ್ಲಿನಲ್ಲಿ ಇಂಧನ ನಿಲ್ಲಿಸಿದರೆ ಸಾಲದು, ಗಾಳಿಯ ದಾರಿಯನ್ನೇ ಮುಚ್ಚಬೇಕು. ಟರ್ಬೊ ಸೀಲು ಹೋದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡುತ್ತಲೇ ಇರುತ್ತದೆ. ಪ್ರತಿ ಪಂದ್ಯಕ್ಕೂ ಮುನ್ನ ಎಂಜಿನ್ ಓಡುತ್ತಿರುವಾಗಲೇ ಉಂಗುರ ಎಳೆದು ನೋಡಿ. ಮಣ್ಣು ಸೇರಿ ಗಾಳಿಮುಚ್ಚಳ ಅರ್ಧಕ್ಕೆ ಸಿಕ್ಕಿಕೊಳ್ಳುವುದು ಸಾಮಾನ್ಯ.

ಟರ್ಬೊ ಇರುವಲ್ಲಿ ಸೈಲೆನ್ಸರ್ ಕೊಳವೆಯೊಳಗೆ, ಟರ್ಬೊಗೆ ಆದಷ್ಟು ಹತ್ತಿರ, ಒಂದಕ್ಕೊಂದು ಅಡ್ಡವಾಗಿ 3/8 ಇಂಚಿನ ಎರಡು ಬೋಲ್ಟು ಹಾಯಿಸಬೇಕು. ಟರ್ಬೊ ಚಕ್ರ ಮುರಿದರೆ ಚೂರುಗಳು ಜನರ ಕಡೆ ಹಾರದಂತೆ ಅವು ತಡೆಯುತ್ತವೆ. ವೀಲಿ ಬಾರ್ ಇಡೀ ವಾಹನದ ಹಿಂಭಾಗ ಹೊರುವಷ್ಟು ಗಟ್ಟಿಯಿರಬೇಕು; ಅದರ ಕೆಳಗೆ ಜಾಕ್ ಇಟ್ಟು ಎತ್ತಿ ಮನೆಯಲ್ಲೇ ಪರೀಕ್ಷಿಸಬಹುದು. ಕ್ಲಚ್ಚಿನ ಸುತ್ತ ರಕ್ಷಣಾ ಹೊದಿಕೆ, ಎಂಜಿನ್ ಪಕ್ಕದ ತಗಡು, ರೋಲ್ ಕೇಜ್ (ವಾಹನ ಮಗುಚಿದರೆ ಚಾಲಕನನ್ನು ಕಾಯುವ ಚೌಕಟ್ಟು), ಬೆಂಕಿ ನಿರೋಧಕ ಉಡುಪು, ಹೆಲ್ಮೆಟ್, ಅಗ್ನಿಶಾಮಕ: ಕ್ಲಾಸಿಗೆ ತಕ್ಕಂತೆ ಪಟ್ಟಿ ಬೆಳೆಯುತ್ತದೆ. ಎಂಜಿನ್ ಶಕ್ತಿ ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಅನಿಲದ ಯೋಚನೆ ಬಿಟ್ಟುಬಿಡಿ, ದೊಡ್ಡ ಸಂಘಗಳು ಅದಕ್ಕೆ ಅವಕಾಶ ಕೊಡುವುದಿಲ್ಲ.

ಟ್ರ್ಯಾಕಿನ ಮೇಲೆ

ಸರದಿ ಬರುವ ಮೊದಲು ಟ್ರ್ಯಾಕಿನ ಪಕ್ಕ ನಡೆದು ನೋಡಿ. ಹಿಂದಿನವರು ಎಲ್ಲಿ ಟಯರು ಸುತ್ತಿಸಿ ಗುಂಡಿ ಮಾಡಿದ್ದಾರೆ, ಎಲ್ಲಿ ಮಣ್ಣು ಇನ್ನೂ ತೇವವಾಗಿ ಬಿಗಿಯಿದೆ ಎಂದು ಗುರುತಿಟ್ಟುಕೊಳ್ಳಿ. ನಿಮ್ಮ ಸಾಲನ್ನು ಆಗಲೇ ಆರಿಸಿ, ಸ್ಲೆಡ್ಡನ್ನು ಎಲ್ಲಿ ನಿಲ್ಲಿಸಬೇಕೆಂದು ಆಪರೇಟರಿಗೆ ಹೇಳಿ. ಮೊದಲ ಸರದಿ ಬಂದವರಿಗೆ ಅನೇಕ ಕಡೆ ಒಂದು ಅನುಕೂಲವಿದೆ: ಬಂದ ದೂರವನ್ನು ಒಪ್ಪದೆ, ನಂತರ ಮತ್ತೊಮ್ಮೆ ಎಳೆಯಬಹುದು. ಸ್ಲೆಡ್ಡಿನ ಹೊಂದಾಣಿಕೆ ನೋಡುವ ಓಟವೂ ಅದೇ ಆಗಿರುವುದರಿಂದ ಈ ವಿನಾಯಿತಿ.

ಕೊಂಡಿ ಸಿಗಿಸುವಾಗ ಗೇರು ನ್ಯೂಟ್ರಲ್‌ನಲ್ಲಿರಲಿ, ಕೈಗಳು ಎಲ್ಲರಿಗೂ ಕಾಣಲಿ. ಆಮೇಲೆ ನಿಧಾನವಾಗಿ ಮುಂದೆ ಸರಿದು ಚೈನು ಬಿಗಿ ಮಾಡಿ. ಸಡಿಲ ಚೈನಿನಿಂದ ಜರ್ಕ್ ಕೊಟ್ಟು ಹೊರಡುವುದು ನಿಯಮಕ್ಕೂ ವಿರುದ್ಧ, ಗೇರುಬಾಕ್ಸಿಗೂ ವಿರುದ್ಧ. ಹಸಿರು ಬಾವುಟ ಬಿದ್ದ ಮೇಲೆ ಸ್ಲೆಡ್ಡು ಉರುಳಲು ಬಿಡಿ, ಉರುಳಿದ ಮೇಲೆ ಪೂರ್ತಿ ಆಕ್ಸಿಲರೇಟರ್ ಕೊಡಿ. ನಿಂತಲ್ಲೇ ಪೂರ್ತಿ ಕೊಟ್ಟರೆ ಟಯರು ಗುಂಡಿ ತೋಡಿ, ಆ ಗುಂಡಿಯಿಂದ ಮೇಲೆ ಹತ್ತುವುದರಲ್ಲೇ ವೇಗ ಸಾಯುತ್ತದೆ.

ಮೂತಿ ಎದ್ದ ಮೇಲೆ ಸ್ಟಿಯರಿಂಗ್ ಅಲಂಕಾರಕ್ಕೆ ಮಾತ್ರ. ಎಡ ಬಲ ಬ್ರೇಕು ಬೇರೆ ಬೇರೆ ಇರುವುದು ಈ ಹೊತ್ತಿಗಾಗಿ. ಒತ್ತಿ ಹಿಡಿಯಬೇಡಿ, ತಟ್ಟಿ ಬಿಡಿ. ಹಿಡಿದ ಬ್ರೇಕು ಎಂಜಿನ್ನಿನ ಆರ್‌ಪಿಎಂ ತಿನ್ನುತ್ತದೆ, ಹೋದ ಆರ್‌ಪಿಎಂ ಆ ಭಾರದ ಮುಂದೆ ಮರಳಿ ಬರುವುದಿಲ್ಲ. ಟಯರು ಟ್ರ್ಯಾಕಿನ ಅಂಚಿನ ಸುಣ್ಣದ ಗೆರೆ ಮುಟ್ಟಿದರೆ ಎಷ್ಟೇ ದೂರ ಹೋಗಿದ್ದರೂ ಅನರ್ಹ. ಕೆಂಪು ಬಾವುಟ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಬೇಕು, ವಾದವಿಲ್ಲ. 300 ಅಡಿ ದಾಟಿದರೆ ಫುಲ್ ಪುಲ್. ಒಬ್ಬರಿಗಿಂತ ಹೆಚ್ಚು ಜನ ದಾಟಿದರೆ ಸ್ಲೆಡ್ಡನ್ನು ಇನ್ನಷ್ಟು ಬಿಗಿಮಾಡಿ ಪುಲ್-ಆಫ್ ನಡೆಸುತ್ತಾರೆ. ಮಿಕ್ಕವರ ಸ್ಥಾನ ನಿಂತ ದೂರದ ಮೇಲೆ, ಅಡಿಯ ನೂರನೇ ಒಂದು ಭಾಗದವರೆಗೆ ಅಳೆದು.

ಎಲ್ಲಿ ಕೈಕೊಟ್ಟಿತು ಎಂದು ಪತ್ತೆ ಹಚ್ಚುವುದು

ಪಕ್ಕದಿಂದ ಒಬ್ಬರು ವಿಡಿಯೊ ತೆಗೆಯಲಿ, ಇನ್ನೊಬ್ಬರು ಹಿಂದಿನಿಂದ. 200 ಅಡಿಯ ಹೊತ್ತಿಗೆ ಎಂಜಿನ್ ಸದ್ದು ಏರುತ್ತಾ ಟಯರಿನ ಸುತ್ತು ಇಳಿಯುತ್ತಿದ್ದರೆ ಕ್ಲಚ್ಚು ಜಾರುತ್ತಿದೆ. ಸದ್ದೂ ಸುತ್ತೂ ಒಟ್ಟಿಗೆ ಇಳಿದರೆ ಎಂಜಿನ್ನಿಗೆ ಉಸಿರು ಸಾಲುತ್ತಿಲ್ಲ ಅಥವಾ ಗೇರು ಎತ್ತರದ್ದಾಯಿತು. ಒಂದು ಗೇರು ಕೆಳಗೆ ಪ್ರಯತ್ನಿಸಿ. ಎರಡೂ ಜೋರಾಗಿದ್ದು ಸ್ಲೆಡ್ಡು ಮಾತ್ರ ನಿಂತರೆ ಹಿಡಿತ ಹೋಗಿದೆ: ತೂಕ, ಒತ್ತಡ, ಇಲ್ಲವೆ ಆರಿಸಿದ ಸಾಲು. ಫೋರ್-ವೀಲ್ ಪಿಕಪ್ಪಿನಲ್ಲಿ ಮುಂದಿನ ಟಯರುಗಳ ದಿಕ್ಕು ಭಾರ ಬಿದ್ದಾಗ ಒಂದಕ್ಕೊಂದು ಬೇರೆಯಾಗುತ್ತಿದ್ದರೆ ಆ ಚಕ್ರಗಳನ್ನು ಜೋಡಿಸುವ ಟೈ ರಾಡ್ ಎಂಬ ಸರಳು ಬಾಗುತ್ತಿದೆ, ಅದನ್ನು ಬದಲಿಸದೆ ಮುಂದಿನ ಪಂದ್ಯಕ್ಕೆ ಹೋಗಬೇಡಿ.

ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಕ್ಲಾಸು, ಗೇರು, ಮುಂದಿನ ಗಟ್ಟಿಗಳ ಸಂಖ್ಯೆ, ಎರಡೂ ಟಯರಿನ ಒತ್ತಡ, ಮಣ್ಣಿನ ತೇವ, ನಿಂತ ದೂರ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡಿ. ಡೀಸೆಲ್ ಆದರೆ ಕೊಂಡಿ ಬಿಚ್ಚಿದ ತಕ್ಷಣ ಆಫ್ ಮಾಡದೆ ಕೆಲವು ನಿಮಿಷ ಐಡಲ್‌ನಲ್ಲಿ ಬಿಡಿ, ಕೆಂಪಗೆ ಕಾದ ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸೀದುಹೋಗದಿರಲಿ. ಆ ನಿಮಿಷಗಳಲ್ಲೇ ಇಳಿದು ಬೋಲ್ಟುಗಳನ್ನೂ ಬಿಳಿ ಗೆರೆಗಳನ್ನೂ ನೋಡಿಕೊಂಡು ಬನ್ನಿ.