ಇಸಾರ (ಮುಂಗಡ) ಕೊಡುವ ಮೊದಲು ಒಂದು ಬೇಸಿಗೆ ಆ ಊರಲ್ಲಿ ಇದ್ದು ನೋಡಿ

ಪುಣೆಯಲ್ಲಿರುವ ನನ್ನ ತಂಗಿಯ ಮಗ ಮೊನ್ನೆ ಫೋನ್ ಮಾಡಿದ್ದ. "ದೊಡ್ಡವ್ವ, ವಿಜಯಪುರ ಕಡೆ ಹಳ್ಳಿಯೊಳಗ ಎರಡೆಕರೆ ಹೊಲ, ಒಂದು ಹಳೇ ಮನಿ ಮಾರಾಟಕ್ಕ ಅದಾವ. ಇಸಾರ ಕೊಟ್ಟುಬಿಡ್ಲೇನು?" ಹೊಲ ತಗೋ ಅಪ್ಪಾ, ಇಸಾರ ಮಾತ್ರ ಈಗಲೇ ಕೊಡಬೇಡ ಅಂದೆ. ಊರಿಗೆ ಮರಳಬೇಕು ಅನ್ನುವವರು ಈಗ ಬಹಳ ಮಂದಿ ಇದ್ದಾರೆ. ಅವನಿಗೆ ಹೇಳಿದ್ದನ್ನು ಅವರಿಗೂ ಹೇಳೋಣ ಅಂತ ಬರೆಯುತ್ತಿದ್ದೇನೆ.

ನಾನು ಬೀಳಗಿ ತಾಲೂಕಿನವಳು. ನಮ್ಮೂರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. 31 ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದ ಮೇಲೆ ನಾನೂ ನಮ್ಮ ಮನೆಯವರೂ ಬಸವನಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಹೊಲ ಮತ್ತು ಮಾಳಿಗೆ ಮನೆ ಕೊಂಡೆವು. ಇಲ್ಲಿಗೆ ಬಂದು ಇದು ಏಳನೇ ವರ್ಷ.

ಮೊದಲು ಮಾಡಬೇಕಾದ ಕೆಲಸ, ಹೋಳಿ ಹುಣ್ಣಿಮೆಯಿಂದ ಮಿರಗಾ (ಮೃಗಶಿರಾ) ಮಳೆ ಬೀಳುವ ತನಕ ಅದೇ ಊರಲ್ಲಿ ಬಾಡಿಗೆಗೆ ಇರುವುದು. ದೀಪಾವಳಿಗೆ ಬಂದು ಹೊಲ ನೋಡಿದರೆ ಎಲ್ಲವೂ ಹಸಿರು, ಎಲ್ಲರೂ ಖುಷಿ. ಏಪ್ರಿಲ್‌ನಲ್ಲಿ ನೋಡಬೇಕು. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ರಾತ್ರಿ ಕರೆಂಟು ಎಷ್ಟು ತಾಸು ಇರುತ್ತದೆ, ಯಾರಿಗಾದರೂ ಎದೆನೋವು ಬಂದರೆ ಗಾಡಿ ಎಷ್ಟು ಹೊತ್ತಿಗೆ ದವಾಖಾನೆ ಮುಟ್ಟುತ್ತದೆ, ಇವು ಆಗಲೇ ಗೊತ್ತಾಗುವುದು. ಬಾಡಿಗೆ ದೊಡ್ಡದೇನಲ್ಲ. ನಮಗೆ ಮನೆ ಕೊಟ್ಟ ಅಜ್ಜ "ಬಾಡಿಗಿ ಯಾಕ್ರೀ ಅಕ್ಕೋರ, ಖಾಲಿ ಬಿದ್ದೈತಿ, ಇರ್ರಿ" ಅಂದಿದ್ದರು. ಒತ್ತಾಯ ಮಾಡಿಯೇ ಕೊಟ್ಟೆವು. ಋಣ ಇಟ್ಟುಕೊಂಡು ವ್ಯವಹಾರಕ್ಕೆ ಇಳಿಯಬಾರದು.

ನೀರಿನ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. ನಾವು ಮೊದಲು ಮೆಚ್ಚಿದ್ದ ಹೊಲ ಬೇರೆಯದು. ಬೋರ್‌ವೆಲ್ಲಿನಲ್ಲಿ ಎರಡಿಂಚು ನೀರು, ಮೇಲೆ ನೆರಳಿಗೆ ಬೇವಿನ ಮರ. ಒಂದು ಕೊಡ ನೀರು ಬಾಡಿಗೆ ಮನೆಗೆ ತಂದು ಆ ನೀರಲ್ಲೇ ತೊಗರಿಬೇಳೆ ಇಟ್ಟೆ. ಒಂದೂವರೆ ತಾಸು ಕುದ್ದರೂ ಬೇಳೆ ಕಾಳಿಗೆ ಕಾಳು ಬಿಡಿಬಿಡಿಯಾಗಿಯೇ ಇತ್ತು. ಪಾತ್ರೆಯ ಅಂಚಿಗೆ ಬಿಳೀ ಗೆರೆ ಕೂತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿ, "ಆ ನೀರು ದನಾನೂ ಕುಡಿಯಂಗಿಲ್ರೀ" ಅಂದಳು. ಬೇಳೆ ಬೇಯದ ನೀರಿನಲ್ಲಿ ಉಪ್ಪಿನಂಶ, ಸುಣ್ಣದಂಶ ಹೆಚ್ಚು. ಅಂಥ ನೀರನ್ನು ಎರೆ (ಕಪ್ಪುಮಣ್ಣಿನ) ಹೊಲಕ್ಕೆ ನಾಲ್ಕೈದು ವರ್ಷ ಹಾಯಿಸಿದರೆ ಮಣ್ಣೇ ಉಪ್ಪೇರಿ ಸವಳಾಗುತ್ತದೆ. ಡೋಣಿ ನದಿಯ ಸಾಲಿನಲ್ಲಿ ಇದನ್ನು ಬಹಳ ನೋಡಬೇಕು. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಅನ್ನುವುದು ಆ ಎರೆಮಣ್ಣಿನ ಮಾತು, ನದಿಯ ನೀರು ಮಾತ್ರ ಉಪ್ಪು. ಬೇಳೆಯ ಪರೀಕ್ಷೆ ಆದ ಮೇಲೆ ನೀರು, ಮಣ್ಣು ಎರಡನ್ನೂ ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ ಚೀಟಿ ಪಡೆಯಿರಿ.

ಮುಳವಾಡ ಏತ ನೀರಾವರಿಯ ಕಾಲುವೆ ಬಂದಮೇಲೆ ನಮ್ಮ ಕಡೆ ಹೊಲದ ಬೆಲೆ ಏರಿದೆ. ಕಾಲುವೆ ಹತ್ತಿರ ಅಂದ ಕೂಡಲೇ ಕೈ ಹಾಕಬೇಡಿ. ಕಾಲುವೆಯ ತಗ್ಗಿನ ಬದಿಯ ಹೊಲವಾದರೆ ಬದುವಿನ ಬುಡದಲ್ಲಿ ಬಿಳೀ ಹಿಟ್ಟು ಚೆಲ್ಲಿದಂತೆ ಕಾಣುತ್ತದೆಯೇ, ಆಪು ಎಂಬ ಜೌಗು ಹುಲ್ಲು ಬೆಳೆದಿದೆಯೇ ನೋಡಿ. ಇದ್ದರೆ ನೀರು ಒಳಗಿನಿಂದ ಬಸಿಯುತ್ತಿದೆ ಎಂದರ್ಥ. ಅದು ಜವಳು ಹೊಲ.

ಇನ್ನು ಹೊಳೆದಂಡೆಯ ಹೊಲ. ಇದನ್ನು ಬರೆಯುವಾಗ ನನಗೆ ಕೈ ಭಾರವಾಗುತ್ತದೆ. ಬೀಳಗಿ, ಬಾಗಲಕೋಟೆ, ಜಮಖಂಡಿ, ಕೊಲ್ಹಾರದ ಕಡೆ ಕೃಷ್ಣಾ, ಘಟಪ್ರಭಾ ಹಿನ್ನೀರಿನ ಅಂಚಿನಲ್ಲಿ ಕಣ್ಣು ತುಂಬುವ ಕಬ್ಬಿನ ಹೊಲಗಳಿವೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ. ಸುಮಾರು 75,000 ಎಕರೆ ಮುಳುಗಡೆಗೆ ಹೋಗುವ ಲೆಕ್ಕ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿತು. ಅದನ್ನೇ ಆಸೆ ತೋರಿಸಿ ಮಾರುವ ದಲಾಲಿಗಳಿದ್ದಾರೆ. ನೀವು ಬಾಳಲು ಹೊಲ ಹುಡುಕುತ್ತಿದ್ದರೆ ಸರ್ವೇ ನಂಬರು ಹಿಡಿದುಕೊಂಡು ಬಾಗಲಕೋಟೆ ನವನಗರದ ಪುನರ್ವಸತಿ ಕಚೇರಿಗೆ ಹೋಗಿ, ಮುಳುಗಡೆ ಪಟ್ಟಿಯಲ್ಲಿದೆಯೇ ಕೇಳಿ. ಪಟ್ಟಿಯಲ್ಲಿ ಇಲ್ಲದಿದ್ದರೂ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಊರವರನ್ನು ಕೇಳಿ. ಗೋಡೆಗೆ ಕೈ ಇಟ್ಟು ತೋರಿಸುತ್ತಾರೆ.

ನಮ್ಮ ಅಪ್ಪ ಊರು ಬಿಡುವ ದಿನ ಮನೆಯ ತಲಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಚಕ್ಕಡಿಗೆ ಹಾಕಿದ್ದರು. ಹೊಸ್ತಿಲಲ್ಲಿ ಅವ್ವ ಅರಿಶಿನ ಹಚ್ಚಿದ ಗುರುತು ಆಗಲೂ ಇತ್ತು. ಪುನರ್ವಸತಿ ಊರಿನ ತಗಡಿನ ಶೆಡ್ಡಿಗೆ ಅದು ಹೊಂದಲಿಲ್ಲ, ಗೋಡೆಗೆ ಒರಗಿಸಿಯೇ ಇಟ್ಟಿದ್ದರು. ಈಗ ಅದು ನಮ್ಮ ಈ ಮನೆಯ ಪಡಸಾಲೆಯ ಬಾಗಿಲು. ಹಿನ್ನೀರಿನ ಅಂಚಿನಲ್ಲಿ ಮನೆ ಕಟ್ಟುತ್ತೇನೆ ಅನ್ನುವವರನ್ನು ಕಂಡರೆ ನಾನು ಕೈಹಿಡಿದು ಬೇಡ ಅನ್ನುತ್ತೇನೆ.

ಹೊಲ, ನೀರು ಒಪ್ಪಿದರೆ ಆಮೇಲೆ ಕಾಗದ. ಉತಾರದ (ಪಹಣಿಯ) 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಬೋಜಾ, ಅಂದರೆ ಸಾಲದ ಹೊರೆ ಇರುತ್ತದೆ. ಸೊಸೈಟಿ, ಬ್ಯಾಂಕಿನ ಸಾಲ ಅಲ್ಲಿ ಕಾಣಬೇಕು. ಋಣಭಾರ ಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಖರೀದಿ ನಿಲ್ಲುವುದಿಲ್ಲ, ಅಂಥದ್ದಕ್ಕೆ ಹೋಗಲೇಬೇಡಿ. ರೈತ ಕುಟುಂಬದವರಲ್ಲದಿದ್ದರೂ ಹೊಲ ಕೊಳ್ಳಬಹುದು, 2020ರ ತಿದ್ದುಪಡಿಯಲ್ಲಿ ಆ ಅಡ್ಡಿ ಹೋಯಿತು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ವಂಶಾವಳಿಗೆ. ನಮಗೆ ಮಾರಿದವರು ಮೂವರು ಅಣ್ಣತಮ್ಮಂದಿರು. ಉತಾರದಲ್ಲಿ ಹಿರಿಯನ ಹೆಸರೊಂದೇ. ವಂಶಾವಳಿ ತೆಗೆಸಿದಾಗ ಇಬ್ಬರು ಅಕ್ಕತಂಗಿಯರೂ ಇದ್ದರು, ಒಬ್ಬಾಕೆ ಸೊಲ್ಲಾಪುರದಲ್ಲಿ, ಇನ್ನೊಬ್ಬಾಕೆ ಅಥಣಿಯಲ್ಲಿ. "ಹೆಣ್ಮಕ್ಕಳದೇನೈತ್ರಿ, ಕೊಟ್ಟ ಮನಿಗಿ ಹೋಗ್ಯಾರ" ಅಂದ ದಲಾಲಿ. ನನಗೆ ಸಿಟ್ಟು ಬಂತು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹೊತ್ತಿಗೆ ತಂದೆ ಬದುಕಿರಲಿ ಬಿಡಲಿ, ಹುಟ್ಟಿನಿಂದಲೇ ಬರುವ ಹಕ್ಕದು ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿ (ಪಾಲುಪತ್ರ) ಇದ್ದರೆ ಮಾತು ಬೇರೆ. ಇವರಲ್ಲಿ ಇರಲಿಲ್ಲ.

ಅಥಣಿಗೆ ನಾನೇ ಹೋದೆ. ಆಕೆಗೆ ಹೊಲ ಮಾರುತ್ತಿರುವುದೇ ಗೊತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಕೈಯ ಹಿಟ್ಟು ಒರೆಸಿಕೊಂಡು, "ಬಾವಿ ಕಡೇದ್ದೇನ್ರಿ? ಅಲ್ಲಿ ನಮ್ಮಪ್ಪನ ಗದ್ದಗಿ ಐತಿ" ಅಂದಳು. ಮೂರು ತಿಂಗಳು ತಡವಾಯಿತು, ಅಣ್ಣತಮ್ಮಂದಿರು ಅಕ್ಕತಂಗಿಯರಿಬ್ಬರಿಗೂ ಅವರ ಪಾಲಿನ ಹಣ ಕೊಟ್ಟರು, ಇಬ್ಬರೂ ಬಂದು ಸಹಿ ಮಾಡಿದರು. ಗದ್ದುಗೆಯ (ಸಮಾಧಿಯ) ಸುತ್ತಲಿನ ಜಾಗ ನಾವು ಉಳುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಆಕೆ ಬಂದರೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ನಮ್ಮಲ್ಲೇ ಉಂಡು ಹೋಗುತ್ತಾಳೆ.

ಅಳತೆಯಲ್ಲಿ ನಾವು ತಪ್ಪಿದೆವು. ಮೋಜಣಿ (ಸರ್ವೇ ಅಳತೆ) ಆಗುವ ಮೊದಲೇ ಅರ್ಧ ಹಣ ಕೊಟ್ಟಿದ್ದೆವು. ಕಾಗದದಲ್ಲಿ 2 ಎಕರೆ 4 ಗುಂಟೆ, ಅಳೆದಾಗ 2 ಎಕರೆ 1 ಗುಂಟೆ. ಬಾಜೂ ಹೊಲದವರು ವರ್ಷಕ್ಕೊಂದು ಸಾಲು ಹೆಚ್ಚಿಗೆ ಹೊಡೆದು ಬಾಂದಗಲ್ಲನ್ನೇ ದಾಟಿದ್ದರು. ಮೂರು ಗುಂಟೆಯ ಹಣ ನಮಗೆ ವಾಪಸ್ ಬರಲಿಲ್ಲ. ಒಂದೇ ಸರ್ವೇ ನಂಬರಿನಲ್ಲಿ ಭಾಗ ಕೊಳ್ಳುವುದಾದರೆ ಹೇಗೂ ಆ ಭಾಗವನ್ನು ಅಳೆದು ಸರ್ವೇ ಇಲಾಖೆ ಕೊಡುವ 11ಇ ನಕ್ಷೆ ಬೇಕೇ ಬೇಕು. ಅದು ಕೈಗೆ ಬಂದು, ಕಲ್ಲು ನೆಟ್ಟ ಮೇಲೆಯೇ ದುಡ್ಡು ಎಣಿಸಿ. ಹೊಲಕ್ಕೆ ಬಂಡಿದಾರಿ ಇದೆಯೇ ಎಂದು ಗ್ರಾಮ ನಕ್ಷೆಯಲ್ಲೂ ನೋಡಿ. ಇಲ್ಲದಿದ್ದರೆ ದಾರಿ ಬಿಡುವವರ ಸಹಿಯೊಂದಿಗೆ ಅದನ್ನೂ ಬರೆಸಿಕೊಳ್ಳಿ. ಬಾಯಿಮಾತಿನ ದಾರಿ ರಾಶಿಯ ಹೊತ್ತಿಗೆ ಮುಚ್ಚುತ್ತದೆ.

ಮನೆಗೆ ಪಂಚಾಯಿತಿಯ ಇ-ಸ್ವತ್ತಿನ (ಕಂಪ್ಯೂಟರ್ ಖಾತೆಯ) ನಮೂನೆ 9 ಮತ್ತು 11ಎ ಇರಬೇಕು. ಹಳೇ ಮನೆಯಾದರೆ ಪಡಸಾಲೆಯ ನೆಲವನ್ನು ಕೋಲಿನಿಂದ ಬಡಿಯುತ್ತಾ ಹೋಗಿ. ಸದ್ದು ಟೊಳ್ಳಾಗಿ ಬಂದರೆ ಕೆಳಗೆ ಹಗೇವು (ಕಾಳು ತುಂಬಿಡುವ ನೆಲಗುಂಡಿ) ಇದೆ. ನಮ್ಮಲ್ಲಿ ಎರಡನೇ ಮಳೆಗಾಲಕ್ಕೆ ತಿಜೋರಿ ಇಟ್ಟ ಮೂಲೆಯೇ ಕುಸಿಯಿತು, ಎರಡು ಟ್ರ್ಯಾಕ್ಟರ್ ಗರಸು (ಗಟ್ಟಿ ಮೊರಂ ಮಣ್ಣು) ತುಂಬಿಸಿದೆವು. ಹೊಸದಾಗಿ ಕಟ್ಟುವುದಾದರೆ ಎರೆಮಣ್ಣು ತೆಗೆದು ಗರಸು ಸಿಗುವ ತನಕ ಪಾಯ ತೋಡಿಸಿ. ಎರೆ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ, ಗೋಡೆ ಸೀಳದೆ ಇರುವುದಿಲ್ಲ.

ದುಡಿಮೆಯ ಲೆಕ್ಕವನ್ನೂ ಹೇಳುತ್ತೇನೆ. ನಮ್ಮದು ಮಳೆಯ ಹೊಲ. ಒಳ್ಳೇ ವರ್ಷ ಎಕರೆಗೆ ಐದಾರು ಚೀಲ ಬಿಳಿಜೋಳ, ಅಂಚಿಗೆ ಕುಸುಬಿ. ಮನೆಗೆ ರೊಟ್ಟಿ ಆಗುತ್ತದೆ, ಸಂಸಾರ ನಡೆಯುವುದು ಪಿಂಚಣಿಯಲ್ಲಿ. ಸಾಲ ಮಾಡಿ ಹೊಲ ಕೊಂಡು ಹೊಲದಿಂದಲೇ ತೀರಿಸುತ್ತೇನೆ ಅನ್ನುವವರು ಎರಡು ಬರಗಾಲದ ಲೆಕ್ಕ ಮೊದಲೇ ಹಾಕಿಕೊಳ್ಳಲಿ.

ತಂಗಿಯ ಮಗನಿಗೆ ಅವನು ನೋಡಿದ ಊರಲ್ಲೇ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಗೊತ್ತು ಮಾಡಿದ್ದೇನೆ. ಹೋಳಿ ಮುಗಿದ ಮರುದಿನ ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ. ಬರುವಾಗ ಪಾವ್ ಕಿಲೋ ತೊಗರಿಬೇಳೆ ತರಲು ಹೇಳಿದ್ದೇನೆ.