ಟೊಮೆಟೊ ಸೊರಗಿದರೆ ಮೊದಲು ಕಾಂಡ ಕತ್ತರಿಸಿ ನೋಡಿ

ಉಡುಪಿ ಕಡೆ ಟೊಮೆಟೊ ಗಿಡ ಸೊರಗಿತು ಅಂತ ಸುಮ್ನೆ ಮದ್ದು ಹೊಡೆಯಬೇಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಲ್ಲಿ ತುದಿ ಅದ್ದಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ, ನಮ್ಮ ಕರಾವಳಿಯಲ್ಲಿ ಇದರ ಕಾಟವೂ ಇದೆ ಅಲ್ವಾ. ಎಳೆ ಇಳಿಯದೆ, ಕೆಳಗಿನ ಎಲೆ ಹಳದಿಯಾಗಿ, ಕಾಂಡದೊಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಶಿಲೀಂಧ್ರದ ಮೇಲೆ ಅನುಮಾನಪಡಿ. ಇದರಲ್ಲಿ 3 ರೇಸ್‌ಗಳಿವೆ, ಅಂದರೆ ಒಳಬಗೆಗಳು. ನೋಡಲು ಎಲ್ಲ ಒಂದೇ, ಯಾವ ತಳಿಯನ್ನು ಕೆಡವುತ್ತದೆ ಅನ್ನುವುದರಲ್ಲೇ ವ್ಯತ್ಯಾಸ: ರೇಸ್ 1 ಮಾತ್ರ ತಡೆಯುವ ತಳಿ ರೇಸ್ 2 ಬಂದರೆ ಮಲಗುತ್ತದೆ. ಹಾಗಾಗಿ ಬೀಜದ ಪ್ಯಾಕೆಟ್ ಮೇಲೆ ‘ನಿರೋಧಕ’ ಅಂತಿದ್ದರೆ ಸಾಲದು, ಯಾವ ರೇಸ್‌ಗೆ ಅಂತ ಕೇಳಿ (ಅಂಗಡಿಯವರು ಮುಖ ನೋಡಿದರೂ ಪರವಾಗಿಲ್ಲ). ಸತ್ತ ಗಿಡ ಬೇರು ಸಮೇತ ಕಿತ್ತು ಸುಡಿ. ಹುಳಿ ಮಣ್ಣಾದರೆ ಸುಣ್ಣ ಹಾಕಿ.