ಸಬ್ಸಿಡಿ ಸಾಲದ ಅರ್ಜಿಯಲ್ಲಿ ಕೆಂಪು ದೀಪದ ಖರ್ಚನ್ನೂ ಬರೆಯಿರಿ

ಮದ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಬೆಲ್ಲದ ಪುಡಿ ಘಟಕ ಇದೆ. ಆಲೆಮನೆಯಿಂದ ಅಚ್ಚು ಬೆಲ್ಲ ತಂದು, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಪ್ಯಾಕ್ ಮಾಡಿ ಮಂಡ್ಯ, ಮೈಸೂರಿನ ಅಂಗಡಿಗಳಿಗೆ ಹಾಕುತ್ತೇವೆ. ಒಟ್ಟು ಒಂಬತ್ತು ಹೆಂಗಸರು. ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಒಬ್ಬರಿಗೆ ಪೋಲಿಯೊ ಆಗಿ ಒಂದು ಕಾಲಿಗೆ ಬಲವಿಲ್ಲ, ಮೂವರಿಗೆ ಗಂಡ ಇಲ್ಲ. "ಅಕ್ಕ, ಇಂಥವರಿಗೆ ಕೆಲಸ ಕೊಟ್ಟರೆ ಸರ್ಕಾರ ದುಡ್ಡು ಕೊಡುತ್ತಂತೆ, ಹೌದಾ?" ಅಂತ ಆಗಾಗ ಯಾರಾದರೂ ಕೇಳುತ್ತಲೇ ಇರುತ್ತಾರೆ.

ಕೊಡುತ್ತೆ. ಆದರೆ ಕೆಲಸ ಕೊಟ್ಟಿದ್ದಕ್ಕೆ ಅಂತಲ್ಲ. ನಾನು ಅರ್ಜಿ ಹಾಕಿದ ಯೋಜನೆಯಲ್ಲಿ ಕೇಳಿದ್ದು ಯಾವ ಯಂತ್ರ, ಎಷ್ಟು ಮಾಲು, ಎಲ್ಲಿ ಮಾರುತ್ತೀರಿ ಅಂತ. ನಮ್ಮ ಹೆಂಗಸರ ಕಥೆಯನ್ನು ಯಾರೂ ಕೇಳಲಿಲ್ಲ. ಅವರನ್ನು ಲೆಕ್ಕದೊಳಗೆ ತಂದು ಕೂರಿಸುವುದು ನಮ್ಮ ಕೆಲಸ. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು ಬಾಗಿಲು ಯಾವುದು ಅಂತ ಗೊತ್ತು ಮಾಡಿಕೊಳ್ಳಿ. ತಿನ್ನುವ ಪದಾರ್ಥ ಮಾಡುವವರಿಗೆ 2020ರಲ್ಲಿ ಶುರುವಾದ, ಸಣ್ಣ ಆಹಾರ ಘಟಕಗಳಿಗೆ ಸಾಲ, ಸಬ್ಸಿಡಿ ಕೊಡಿಸುವ ಕೇಂದ್ರದ ಯೋಜನೆ ಪಿಎಂಎಫ್‌ಎಂಇ ಇದೆ. ನಮ್ಮ ಮಂಡ್ಯ ಜಿಲ್ಲೆಗೆ ಅದರಲ್ಲಿ ಆರಿಸಿರುವ ಪದಾರ್ಥವೇ ಬೆಲ್ಲ. ಸಾಲದ ಜೊತೆಗೆ ಕೇಂದ್ರದ ಯೋಜನೆಯಿಂದ 35 ಪರ್ಸೆಂಟ್ ಸಬ್ಸಿಡಿ, 10 ಲಕ್ಷದವರೆಗೆ. ಅದರ ಮೇಲೆ ನಮ್ಮ ರಾಜ್ಯ ಇನ್ನೂ 15 ಸೇರಿಸುತ್ತೆ. ಅಂದರೆ 6 ಲಕ್ಷದ ಯಂತ್ರಕ್ಕೆ ನಿಮ್ಮ ಕೈಯಿಂದ 60,000, ಉಳಿದಿದ್ದು ಸಾಲ, ಆಮೇಲೆ ಸಬ್ಸಿಡಿ 3 ಲಕ್ಷ. ಅರ್ಜಿ ಹಾಕುವ ಮುಂಚೆ ಈ ವರ್ಷ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಇದೇ ಯೋಜನೆಯಲ್ಲಿ ಬೀಜಧನ ಅಂತ ಇನ್ನೊಂದಿದೆ. ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ. ಸಣ್ಣಪುಟ್ಟ ಉಪಕರಣಕ್ಕೆ, ಕಚ್ಚಾ ಮಾಲಿಗೆ ಬಳಸಬಹುದು. ಆದರೆ ಈಗಾಗಲೇ ಆಹಾರ ಪದಾರ್ಥ ಮಾಡುತ್ತಿರುವ ಸದಸ್ಯೆಯರಿಗೆ ಮಾತ್ರ. ದುಡ್ಡು ಬರುವುದು ಸ್ವಸಹಾಯ ಸಂಘಗಳೆಲ್ಲ ಸೇರಿರುವ ಸಂಜೀವಿನಿ ಒಕ್ಕೂಟದ ಮೂಲಕ. ಒಕ್ಕೂಟಕ್ಕೆ ಅದು ಅನುದಾನ, ನಿಮ್ಮ ಕೈಗೆ ಬರುವಾಗ ಸಾಲ. ತಿರುಗಿ ಕಟ್ಟಬೇಕು. ನಮ್ಮ ಸಂಘದಲ್ಲಿ ಇಬ್ಬರು ಇದನ್ನು ಪುಕ್ಕಟೆ ಅಂದುಕೊಂಡು ಮಗಳ ಮದುವೆಗೆ ಎತ್ತಿಡುವ ಲೆಕ್ಕ ಹಾಕಿದ್ದರು. ನಿಮ್ಮ ಪಂಚಾಯಿತಿಯ ಎಂಬಿಕೆ, ಅಂದರೆ ಒಕ್ಕೂಟದ ಲೆಕ್ಕ ಬರೆಯುವವರ ಹತ್ತಿರ ಕೂತು ಒಂದು ಸಲ ಎಲ್ಲರಿಗೂ ಬಿಡಿಸಿ ಹೇಳಿಸಿ.

ಬಟ್ಟೆ ಹೊಲಿಗೆ, ಅಗರಬತ್ತಿ, ಪೇಪರ್ ತಟ್ಟೆ ಥರದ ಕೆಲಸಕ್ಕಾದರೆ ಪಿಎಂಇಜಿಪಿ ಅನ್ನುವ ಕೇಂದ್ರದ ಇನ್ನೊಂದು ಸಾಲ-ಸಬ್ಸಿಡಿ ಯೋಜನೆ ಕೇಳಿ. ಹಳ್ಳಿಯಲ್ಲಿ ಹೆಂಗಸರು, ಅಂಗವಿಕಲರು, ಪರಿಶಿಷ್ಟರು ಅರ್ಜಿ ಹಾಕಿದರೆ 35 ಪರ್ಸೆಂಟ್ ಸಬ್ಸಿಡಿ, ಕೈಯಿಂದ ಹಾಕಬೇಕಾದದ್ದು ಬರೀ 5. ಆದರೆ ಈ 35 ಪರ್ಸೆಂಟ್ ಹೊಸ ಘಟಕಕ್ಕೆ ಮಾತ್ರ. ಹಾಗಾಗಿ ಉತ್ಸಾಹದಲ್ಲಿ ಮೊದಲೇ ಮೆಷಿನ್ ತಂದು ಶುರು ಮಾಡಿಬಿಡಬೇಡಿ. ಇನ್ನೊಂದು ಮಾತು. ಸಬ್ಸಿಡಿ ಜಾಸ್ತಿ ಸಿಗುತ್ತೆ ಅಂತ ಅಂಗವಿಕಲ ಹುಡುಗಿಯನ್ನು ಹೆಸರಿಗೆ ಮಾತ್ರ ಮಾಲೀಕಳನ್ನಾಗಿ ಮಾಡುವವರನ್ನು ಕಂಡಿದ್ದೇನೆ. ಲಾಭ ಇವರಿಗೆ, ಸಾಲ ಅವಳ ತಲೆ ಮೇಲೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಕಾಗದಪತ್ರ ಕಷ್ಟವಲ್ಲ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಜಾಗದ ಬಾಡಿಗೆ ಕರಾರು, ಯಂತ್ರದ ಕೊಟೇಶನ್. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಸಾವಿರಾರು ಕೇಳುವವರಿಂದ ದೂರ ಇರಿ. ಅಂಗವಿಕಲ ಕೆಲಸಗಾರರಿಗೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿಸಿ.

ಕಷ್ಟ ಇರುವುದು ಯಂತ್ರ, ಖರ್ಚು, ಮಾರಾಟದ ಲೆಕ್ಕ ಬರೆಯುವ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ. ನನ್ನ ಮೊದಲನೆಯದನ್ನು ಒಬ್ಬರು 3,000 ರೂಪಾಯಿ ತಗೊಂಡು ಒಂದೇ ಮಧ್ಯಾಹ್ನದಲ್ಲಿ ಮಾಡಿಕೊಟ್ಟರು. ಬ್ಯಾಂಕಿನಲ್ಲಿ ಮ್ಯಾನೇಜರ್ ನಾಲ್ಕನೇ ಪುಟ ತಿರುಗಿಸಿ, "ಏನಮ್ಮ, ಬೆಲ್ಲಕ್ಕೆ ಜೇಡಿಮಣ್ಣು ಹಾಕ್ತೀರಾ?" ಅಂದರು. ಯಾವುದೋ ಇಟ್ಟಿಗೆ ಗೂಡಿನ ರಿಪೋರ್ಟ್‌ನಲ್ಲಿ ಹೆಸರು ಮಾತ್ರ ಬದಲಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆಮೇಲೆ ಗೊತ್ತಾಯಿತು, ಪಿಎಂಎಫ್‌ಎಂಇಗೆ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ, ರಿಪೋರ್ಟ್ ಮಾಡೋಕೆ, ಬ್ಯಾಂಕಿಗೆ ಓಡಾಡೋಕೆ ಅವರೇ ಸಹಾಯ ಮಾಡುತ್ತಾರೆ. ಅವರ ದುಡ್ಡನ್ನು ಸರ್ಕಾರ ಕೊಡುತ್ತೆ, ನಾವಲ್ಲ.

ಎರಡನೇ ಸಲ ನಾನೇ ನೋಟ್‌ಬುಕ್ ಹಿಡಿದು ಘಟಕದಲ್ಲಿ ಒಂದು ವಾರ ಕೂತೆ. ಯಾರು ಎಷ್ಟು ಹೊತ್ತಿಗೆ ಏನು ಮಾಡುತ್ತಾರೆ ಅಂತ ಬರೆದೆ. ಆಗ ನಮ್ಮ ಹತ್ತಿರ ಎರವಲು ತಂದ ಹಳೇ ಪಲ್ವರೈಸರ್, ಅಂದರೆ ಪುಡಿ ಮಾಡುವ ಯಂತ್ರ, ಇತ್ತು. ಬೆಲ್ಲದಲ್ಲಿ ಸ್ವಲ್ಪ ತೇವ ಇದ್ದರೂ ಜರಡಿಗೆ ಅಂಟಿಕೊಂಡು ಮೋಟರ್ ಗುಂಯ್ ಅಂತ ನರಳುತ್ತಿತ್ತು. ಕಿವಿ ಇರುವವರು ಓಡಿ ಬಂದು ಸ್ವಿಚ್ ಆಫ್ ಮಾಡುತ್ತಿದ್ದರು. ಅದಕ್ಕೇ ಕಿವಿ ಕೇಳದ ಇಬ್ಬರನ್ನೂ ನಾನು ಪ್ಯಾಕಿಂಗ್‌ನಲ್ಲೇ ಕೂರಿಸಿದ್ದೆ. ಒಂದು ದಿನ ಅವರಲ್ಲಿ ಚಿಕ್ಕವಳು ಯಂತ್ರದ ಕಾಲಿಗೆ ಅಂಗೈ ಒತ್ತಿ ನಿಂತಿದ್ದಳು. ನಮಗೆ ಸದ್ದು ಬದಲಾಗಿದ್ದು ಗೊತ್ತಾಗುವ ಮುಂಚೆಯೇ ಕೈ ಎತ್ತಿ ಸನ್ನೆ ಮಾಡಿದಳು. ಅಂಗೈಗೆ ಅದುರು ಗೊತ್ತಾಗುತ್ತಿತ್ತು.

ಕೈಯನ್ನು ಹಾಗೆ ಯಂತ್ರಕ್ಕೆ ಒತ್ತಿ ನಿಲ್ಲಿಸುವುದು ಸರಿಯಲ್ಲ ಅಲ್ವಾ. ಎಲೆಕ್ಟ್ರಿಷಿಯನ್ ಬಂದು ಓವರ್‌ಲೋಡ್ ರಿಲೇಗೆ ಒಂದು ಕೆಂಪು ದೀಪ ಕೊಟ್ಟರು. ಮೋಟರ್‌ಗೆ ಭಾರ ಜಾಸ್ತಿಯಾದರೆ ಯಂತ್ರ ತಾನೇ ನಿಂತು ದೀಪ ಹತ್ತುತ್ತೆ. ಹೊಸ ರಿಪೋರ್ಟ್‌ನಲ್ಲಿ ಯಂತ್ರದ ಕೊಟೇಶನ್ ಒಳಗೇ ಆ ದೀಪ, ಕೂತು ಕೆಲಸ ಮಾಡುವ ಎತ್ತರದ ಮೇಜು, ಬಾಗಿಲಿನ ಇಳಿಜಾರು ಎಲ್ಲವನ್ನೂ ಸೇರಿಸಿದೆ. ಬೇರೆ ಸಾಲಿನಲ್ಲಿ 'ಅಂಗವಿಕಲರ ಸೌಕರ್ಯ' ಅಂತ ಬರೆದಿದ್ದರೆ ಮೊದಲು ಹೊಡೆದು ಹಾಕುವುದು ಅದನ್ನೇ ಅಂತ ನನ್ನ ಅನಿಸಿಕೆ. ಈಗ ಪಲ್ವರೈಸರ್ ನಡೆಸುವುದು ಆ ಚಿಕ್ಕವಳೇ.

ಬ್ಯಾಂಕಿನವರು "ಇವರನ್ನಿಟ್ಕೊಂಡು ಸಾಲ ಹೇಗೆ ತೀರಿಸ್ತೀರಾ?" ಅಂತ ಕೇಳಿಯೇ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡಿ. ನಾನು ಮೂರು ವಸ್ತು ಮುಂದಿಟ್ಟೆ: ಸಂಘದ ಪುಸ್ತಕ, ಆರು ತಿಂಗಳ ಕೂಲಿ ಖಾತೆಗೇ ಹಾಕಿದ ಸ್ಟೇಟ್‌ಮೆಂಟ್, ಅರ್ಧ ಕೆಜಿ ಬೆಲ್ಲದ ಪುಡಿ. ವಾರ ವಾರ ಸಭೆ, ಉಳಿತಾಯ, ಕಂತು ಬರೆದಿರುವ ಆ ಪುಸ್ತಕವನ್ನೇ ಅವರು ಜಾಸ್ತಿ ಹೊತ್ತು ನೋಡಿದ್ದು. ಪುಡಿ ಮನೆಗೆ ತಗೊಂಡು ಹೋದರು.

ಸಬ್ಸಿಡಿ ಮಂಜೂರಾಯಿತು ಅಂದರೆ ದುಡ್ಡು ಕೈಗೆ ಬಂತು ಅಂತಲ್ಲ. ಅದು ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತೆ. ಘಟಕ ನಡೆಯುತ್ತಿದ್ದು, ಕಂತು ಸರಿಯಾಗಿ ಕಟ್ಟಿದ್ದರೆ ಕೊನೆಗೆ ಸಾಲಕ್ಕೆ ಜಮಾ ಆಗುತ್ತೆ. ಅಷ್ಟರವರೆಗೆ ಕಂತಿನ ಲೆಕ್ಕದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಮಾರಾಟದ ಅಂದಾಜು ಬರೆಯುವಾಗ ಹನ್ನೆರಡು ತಿಂಗಳಿಗೂ ಒಂದೇ ಅಂಕಿ ಹಾಕಬೇಡಿ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುತ್ತೆ, ಪುಡಿ ಗಂಟು ಕಟ್ಟುತ್ತೆ. ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾರಾಟ ಅರ್ಧ ಅಂತ ಬರೆದು, ಕಂತು ಶುರುವಾಗುವ ಮುಂಚೆ ಆರು ತಿಂಗಳ ಬಿಡುವು ಕೇಳಿದೆ. ಕೊಟ್ಟರು. ಆ ಬಿಡುವು ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲಿ ಒಂಬತ್ತು ಜನರ ಕೂಲಿ ಕೊಡೋಕೆ ನಾನು ಬಳೆ ಅಡ ಇಡಬೇಕಾಗುತ್ತಿತ್ತು.